ಸಾಸಿವೆಯಷ್ಟು ಚಿತ್ರ

ತುಮಕೂರಿನ ಅಲಮೇಲಮ್ಮನವರದು ಒಂದೇ ಹಟ: ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕಳಿಸಬಾರದು. ಆ ನೇಮವನ್ನು ಇಮೇಲಿಗೂ ತಂದಿದ್ದರು. ಸೈಟು ಮಾರುವವರದೋ ಮಂಡಿನೋವಿನ ಎಣ್ಣೆಯವರದೋ, ಯಾವ ಮೇಲ್ ಬಂದರೂ ತೆರೆದು ಓದಿ, “ಬೇಡಪ್ಪ” ಎಂದು ಬಾಯಲ್ಲೇ ಹೇಳಿ ಮುಚ್ಚುತ್ತಿದ್ದರು. ಒಂದಕ್ಕೆ ಹತ್ತಾಗಿ ಬರತೊಡಗಿದವು. ಬರಲಿ ಬಿಡಿ, ಆದರೆ ಅವತ್ತು ಬಂದ ಎಣ್ಣೆಯವನ ಮೇಲ್ ಅವರನ್ನು ಕೂತಲ್ಲಿ ಕೂರಗೊಡಲಿಲ್ಲ. ‘ನಿನ್ನೆ ನಮ್ಮ ಮೇಲ್ ಓದಿದಿರಿ, ಇನ್ನೂ ಯೋಚನೆಯೇ?’ ಎಂದು ಕೇಳಿದ್ದ.

ಗುಬ್ಬಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಸಂಜೆ ಮನೆಗೆ ಬಂದ ಮಗಳು ಅಪೇಕ್ಷಾಳ ಮುಂದೆ, ಕಾಫಿಗೂ ಮೊದಲು ಫೋನ್ ಹಿಡಿದರು.

“ನಾನು ಓದಿದ್ದು ಇವನಿಗೆ ಹೆಂಗೇ ಗೊತ್ತಾಯ್ತು?”

“ಮೇಲ್ ಒಳಗೆ ಸಾಸಿವೆಗಿಂತ ಚಿಕ್ಕ ಚಿತ್ರ ಇಟ್ಟಿರ್ತಾರೆ ಕಣಮ್ಮ, ಕಣ್ಣಿಗೆ ಕಾಣಲ್ಲ. ಅದು ಇರೋದು ಅವರ ಕಂಪ್ಯೂಟರಲ್ಲಿ. ನೀನು ಮೇಲ್ ತೆಗೆದ ತಕ್ಷಣ ನಿನ್ನ ಫೋನ್ ಅದನ್ನ ಅಲ್ಲಿಂದ ತರಿಸ್ಕೊಳ್ಳುತ್ತೆ. ಆಗ ಅವರಿಗೆ ಸುದ್ದಿ ಮುಟ್ಟುತ್ತೆ. ಈ ಮನೇಲಿ ಓದೋರು ಇದಾರೆ ಅಂತ ಇನ್ನಷ್ಟು ಕಳಿಸ್ತಾರೆ.”

ಕೇಳದೆ ಚಿತ್ರ ತರಿಸಬಾರದು ಎಂದು ಅವಳು ಸೆಟ್ಟಿಂಗ್ ಬದಲಾಯಿಸಿದಳು. ಅಲಮೇಲಮ್ಮನವರ ಮುಖ ಸಣ್ಣಗಾಯಿತು.

“ಹಂಗಾದ್ರೆ ಗೋವಿಂದನಿಗೂ ಗೊತ್ತಾಗಿರುತ್ತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗೋವಿಂದರಾಜು ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಿರುವ ತಮ್ಮ. ಅವನ ಮಗಳ ಮದುವೆಯಲ್ಲಿ ಅರಿಶಿನ ಹಚ್ಚಲು ಸೋದರತ್ತೆಯಾದ ತನ್ನನ್ನು ಮೊದಲು ಕರೆಯಲಿಲ್ಲವೆಂದು ಅಲಮೇಲಮ್ಮ ಮಾತು ಬಿಟ್ಟು ವರ್ಷವಾಗಿತ್ತು. ಫೋನಿನಲ್ಲಿ ಬ್ಲಾಕ್ ಮಾಡಿದ್ದರಿಂದ ಅವನು ಮೇಲ್ ದಾರಿ ಹಿಡಿದಿದ್ದ. ಅವನದನ್ನು ತೆರೆದೂ ನೋಡುವುದಿಲ್ಲ ಎಂದು ಈಯಮ್ಮ ನೆಂಟರಿಗೆಲ್ಲ ಸಾರಿದ್ದರು.

“ಮಾವನ ಮೇಲ್ ಓದ್ತಿದೀಯಾ?” ಮಗಳು ನಕ್ಕಳು.

“ಬಾಗಿಲಿಗೆ ಬಂದಿದ್ದನ್ನ ಹಂಗೇ ಕಳಿಸೋಕಾಗುತ್ತೇನೇ.”

ಅಪೇಕ್ಷಾ ಒಂದೊಂದೇ ತೆರೆದು ನೋಡಿದಳು. ಪ್ರತಿಯೊಂದರಲ್ಲೂ ‘ಅಕ್ಕ, ತಪ್ಪಾಯ್ತು’ ಎಂಬ ಸಾಲು, ಜೊತೆಗೆ ಅಜ್ಜಿ ನೆಟ್ಟ ಹಲಸಿನ ಮರದ ಫೋಟೋ. ಈಚಿನದರಲ್ಲಿ ಕಾಯಿ ಬಲಿತಿತ್ತು.

“ಮಾವನಿಗೆ ಗೊತ್ತಾಗಲ್ಲ ಬಿಡು. ಈ ಫೋಟೋ ಮೇಲ್ ಜೊತೇಲೇ ಬಂದಿದೆ, ಹೋಗಿ ತರೋ ಕೆಲಸ ಇಲ್ಲ. ಅಕ್ಕ ಓದೇ ಇಲ್ಲ ಅಂತ ಅಂದ್ಕೊಂಡಿರ್ತಾರೆ.”

ಮಾನ ಉಳಿಯಿತು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಯಾರೋ ಎಣ್ಣೆಯವನಿಗೆ ಗೊತ್ತು, ಒಡಹುಟ್ಟಿದವನಿಗೆ ಗೊತ್ತಿಲ್ಲ.

ಅಲಮೇಲಮ್ಮ ಫೋನ್ ಇಸಕೊಂಡು ಒಂದೇ ಬೆರಳಲ್ಲಿ ಕುಟ್ಟಿದರು: ‘ಎಲ್ಲಾ ಓದಿದೀನಿ ಕಣೋ. ಹಣ್ಣು ಕೊಯ್ಯಬೇಡ, ನಾನೇ ಬರ್ತೀನಿ.’