ಮಾಲೀಕರ ಕೋಣೆಯ ಪ್ರಿಂಟರ್

ಔಷಧಿ ಸಗಟು ಮಳಿಗೆಯಲ್ಲಿ ಹದಿನೇಳು ವರ್ಷ ದಾಸ್ತಾನು ಬರೆದ ಗುಮಾಸ್ತೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಯಾವ ಮಾತ್ರೆ ಯಾವ ಕಪಾಟಿನಲ್ಲಿದೆ ಎಂಬುದು ಆಕೆಗೆ ಅಂಗೈಗೆರೆಯಷ್ಟು ಪರಿಚಿತ. ಅಂಥವಳು ಕಂಪ್ಯೂಟರಿಗೆ ಹಾಕಿದ ನಮೂದುಗಳು ಆ ವರ್ಷ ಮಾಯವಾಗತೊಡಗಿದವು. ಹಾಕಿದ್ದೇನೆ ಎನ್ನುತ್ತಿದ್ದಳು, ಸರ್ವರಿನಲ್ಲಿ ಇರುತ್ತಿರಲಿಲ್ಲ. ಉಳಿದವರ ಪರದೆಯೂ ಒಮ್ಮೊಮ್ಮೆ ತಡವರಿಸುತ್ತಿತ್ತು, ಆದರೆ ಅವರು ಬರೀ ನೋಡುವವರು. ಬರೆಯುವವಳು ಅವಳೊಬ್ಬಳೇ.

ಸರ್ವರ್ ನೋಡಿಕೊಳ್ಳುವ ಟೆಕ್ನಿಷಿಯನ್ ನಾಲ್ಕು ಸಲ ಬಂದ. ಅವನು ಬಂದಾಗಲೆಲ್ಲ ಸಂಪರ್ಕ ಸರಿಯಾಗಿಯೇ ಇರುತ್ತಿತ್ತು. ಕೇಬಲ್ ಬದಲಿಸಿದ, ಕೊನೆಗೆ ಯಂತ್ರದಲ್ಲಿ ದೋಷವಿಲ್ಲವೆಂದು ಮ್ಯಾನೇಜರಿಗೆ ಬರೆದುಕೊಟ್ಟ. ಅಲ್ಲಿಗೆ ದೋಷ ಅಕ್ಕನದಾಯಿತು. ಬೆಳಿಗ್ಗೆ ತಿಂಡಿ ತಿಂದದ್ದಾದರೂ ನೆನಪಿದೆಯೇ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಮೊದಮೊದಲು ಅವಳೂ ನಕ್ಕಳು. ಆಮೇಲೆ ಒಂದೊಂದು ನಮೂದನ್ನೂ ಮೂರು ಮೂರು ಸಲ ನೋಡತೊಡಗಿದಳು. ಒಂದು ಮಧ್ಯಾಹ್ನ ರಾಜೀನಾಮೆ ಕೊಟ್ಟು ಹೋದಳು.

ಮೂರು ತಿಂಗಳಿಗೆ ಹೊಸ ಗುಮಾಸ್ತನ ನಮೂದುಗಳೂ ಕಾಣೆಯಾದವು. ಈ ಸಲ ಟೆಕ್ನಿಷಿಯನ್ ಸೆಕೆಂಡಿಗೊಮ್ಮೆ ಸರ್ವರನ್ನು ಕರೆದು ನೋಡುವ ಪ್ರೋಗ್ರಾಂ ಹಾಕಿ, ಉತ್ತರ ತಪ್ಪಿದ ಹೊತ್ತುಗಳನ್ನು ಎರಡು ವಾರ ದಾಖಲಿಸಿದ. ಮಾಲೀಕರು ಬಂದ ದಿನಗಳಲ್ಲಿ ಮಾತ್ರ ಸಂಪರ್ಕ ಕಡಿಯುತ್ತಿತ್ತು. ಅವರ ಕೋಣೆಯ ಪ್ರಿಂಟರಿಗೂ ಸರ್ವರಿಗೂ ನೆಟ್‌ವರ್ಕಿನಲ್ಲಿ ಒಂದೇ ವಿಳಾಸ. ಪ್ರಿಂಟರ್ ಚಾಲೂ ಮಾಡಿದಾಗ ಸರ್ವರಿಗೆ ಹೋಗಬೇಕಾದದ್ದು ದಾರಿತಪ್ಪಿ ಅಲ್ಲಿಗೆ ಹೋಗುತ್ತಿತ್ತು.

ಆ ಪ್ರಿಂಟರನ್ನು ಜೋಡಿಸಿ ವಿಳಾಸ ಕೊಟ್ಟವನು ಅವನೇ.

ವಿಳಾಸ ಬದಲಿಸಿ ಮ್ಯಾನೇಜರಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. ಆಗಿದ್ದು ಆಯಿತು, ಕೆದಕಬೇಡ ಎಂದರು ಅವರು. ಅವನು ದಾಖಲೆಯ ಹಾಳೆಗಳನ್ನು ಹಿಡಿದು ಅಕ್ಕನ ಮನೆಗೆ ಹೋದ.

ಬಾಗಿಲು ತೆರೆದ ಮಗಳು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು: ಅಮ್ಮ ಒಲೆ ಮುಟ್ಟುವುದಿಲ್ಲ, ಆರಿಸಲು ಮರೆತೇನೆಂಬ ಭಯ, ಒಬ್ಬಳೇ ಹೊರಗೆ ಹೋಗುವುದಿಲ್ಲ, ಡಾಕ್ಟರು ಯಾವ ಕಾಯಿಲೆಯೂ ಇಲ್ಲ ಎಂದಿದ್ದಾರೆ.

ಅವನು ಅಕ್ಕನ ಮುಂದೆ ಹಾಳೆಗಳನ್ನು ಹರಡಿದ.

"ತಪ್ಪು ನಂದು ಅಕ್ಕ. ನೀವು ಹಾಕಿದ್ದು ಒಂದೂ ತಪ್ಪಿರಲಿಲ್ಲ."

ಅವಳು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಅವನ ಮುಂಗೈ ಸವರಿದಳು.

"ನಿನ್ ಮನಸ್ಸು ಒಳ್ಳೇದಪ್ಪ. ಆದ್ರೆ ನನ್ ಸಮಾಧಾನಕ್ಕೆ ಅಂತ ಇಷ್ಟೆಲ್ಲ ಬರ್ಕೊಂಡ್ ಬರ್ಬೇಡ."

ಅವನು ಮತ್ತೆ ವಿವರಿಸಿದ. ಅವಳು ಮಗುವಿನ ಮಾತಿಗೆ ಹೂಂಗುಟ್ಟುವಂತೆ ಹೂಂಗುಟ್ಟಿದಳು. ಮುಂದಿನ ಭಾನುವಾರವೂ ಹೋದ, ಅದರ ಮುಂದಿನ ಭಾನುವಾರವೂ. ಆ ಮೂರನೆಯ ಸಲ ಮಗಳು ಹೊಸ್ತಿಲಲ್ಲೇ ನಿಂತಳು.

"ನೀವು ಬಂದ್ ಹೋದ್ ದಿನ ಅಮ್ಮ ನಿದ್ದೆ ಮಾಡಲ್ಲ. ತನಗೆ ಹುಚ್ಚು ಹಿಡಿದಿದೆ, ಅದಕ್ಕೇ ಎಲ್ರೂ ಇಷ್ಟು ಒಳ್ಳೇವ್ರಾಗಿದಾರೆ ಅಂತ ಅಳ್ತಾಳೆ. ಇನ್ನು ಬರ್ಬೇಡಿ."

ಅವನು ತಲೆಯಾಡಿಸಿ ಮೆಟ್ಟಿಲಿಳಿದ.