ಕಿವಿಗೆ ಕಾಣದ ಶಂಕೆ

ನೀಲಾಂಬಿಕೆ ಟೀಚರ್ ತಮ್ಮ ಬರಹ ಓದಿ ಹೇಳುವಾಗ ನಡುನಡುವೆ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತಿದ್ದರು. ಟಕ್‌ಟಕ್ ಎಂದರೆ, ಈ ಮಾತಿನಲ್ಲಿ ತಮಗೆ ಪೂರ್ತಿ ನಂಬಿಕೆಯಿಲ್ಲ ಎಂದು ಅರ್ಥ. ಇಷ್ಟು ವರ್ಷವಾದರೂ ಆ ಸದ್ದು ನನ್ನ ಕಿವಿಯಲ್ಲಿದೆ.

ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ಊರೂರು ತಿರುಗಿ ಮನೆಮದ್ದುಗಳ ಪುಸ್ತಕ ಬರೆದರು. ಕಂಪ್ಯೂಟರಿನಲ್ಲಿ ಟೈಪು ಮಾಡುವಾಗ ಮಾತಿನ ಬಗೆ ಗುರುತಿಸಲು ತಮ್ಮದೇ ಆಜ್ಞೆಗಳನ್ನು ಕಟ್ಟಿಕೊಂಡಿದ್ದರು. ಗಿಡದ ಹೆಸರಿಗೊಂದು, ಅಳತೆಗೊಂದು. ಅನುಮಾನವಿದ್ದ ಮಾತಿನ ಹಿಂದೆ ಓರೆಗೆರೆ ಹಾಕಿ ‘ಶಂಕೆ’ ಎಂದು ಬರೆಯುತ್ತಿದ್ದರು. ಅದನ್ನೆಲ್ಲ ಜಾಲಪುಟದ ಭಾಷೆಯಾದ ಎಚ್‌ಟಿಎಂಎಲ್‌ಗೆ ಬದಲಿಸಿ ಜಾಲತಾಣಕ್ಕೆ ಏರಿಸುವ ಕೆಲಸ ನನ್ನದು. ಬದಲಿಸುವ ತಂತ್ರಾಂಶಕ್ಕೆ ಟೀಚರ ಆಜ್ಞೆಗಳ ಗುರುತೇ ಇರಲಿಲ್ಲ. ಒಂದೊಂದಕ್ಕೂ ನಾನೇ ಕೂತು ನಿಯಮ ಬರೆದೆ. ‘ಶಂಕೆ’ಗೆ ಓರೆ ಅಕ್ಷರ ಕೊಟ್ಟೆ. ಪುಟ ಚೆಂದವಾಗಿ ಬಂತು, ನನಗೋ ಎಲ್ಲಿಲ್ಲದ ಜಂಬ!

ಏರಿಸುವ ಹಿಂದಿನ ದಿನ ಟೀಚರ್ ಬಂದು ಪರದೆಯ ಮುಂದೆ ಕೂತರು.

“ಯಂತ್ರದ ಬಾಯಲ್ಲೇ ಓದಿಸಪ್ಪ, ಕೇಳೋಣ.”

ಕಣ್ಣೆದುರಿಗೆ ಪುಟವಿರುವಾಗ ಇದೇನು ಹೊಸ ಆಸೆ ಎಂದುಕೊಂಡು ಗುಂಡಿ ಒತ್ತಿದೆ. ಯಂತ್ರ ಓದಿತು: “ಈ ಬೇರಿನ ಕಷಾಯವನ್ನು ಮಕ್ಕಳಿಗೂ ಕೊಡಬಹುದು.”

ಟಕ್‌ಟಕ್.

“ನನ್ನ ಶಂಕೆ ಎಲ್ಲಿ ಹೋಯ್ತೋ?”

“ಎದುರಿಗೇ ಇದೆಯಲ್ಲ ಟೀಚರ್, ಓರೆ ಅಕ್ಷರದಲ್ಲಿ.”

“ಓರೆಯೋ ನೆಟ್ಟಗೋ, ಕಿವಿಗೆ ಹೇಗೆ ಗೊತ್ತಾಗ್ಬೇಕು?”

ಅವರ ಮುಖ ನೋಡಿದೆ. ಅವರು ದಿಟ್ಟಿಸುತ್ತಿದ್ದದ್ದು ಪರದೆಯನ್ನಲ್ಲ, ಪಕ್ಕದ ಗೋಡೆಯನ್ನು. ಅಯ್ಯೋ, ಕನ್ನಡಕ ಇದ್ದ ಮಾತ್ರಕ್ಕೆ ಕಣ್ಣು ಕಾಣುತ್ತದೆ ಎಂದುಕೊಂಡ ಪೆದ್ದ ನಾನು!

“ಆರು ತಿಂಗಳಾಯ್ತು, ಅಕ್ಷರ ಕಾಣಲ್ಲ. ಹೇಳಿದ್ರೆ ಪುಸ್ತಕಾನ ಬೇರೆಯವರ ಕೈಗೆ ಕೊಟ್ಟುಬಿಡ್ತೀರಿ ಅಂತ ಸುಮ್ಮನಿದ್ದೆ,” ಎಂದರು. “ಈ ಬೇರನ್ನ ಹತ್ತು ಜನ ಕೊಡಬಹುದು ಅಂದ್ರು, ಒಬ್ಬ ಅಜ್ಜಿ ಮಾತ್ರ ಬೇಡ ಅಂದ್ಲು. ಆ ಅಜ್ಜಿ ಮಾತು ಉಳೀಬೇಕು ಕಣಪ್ಪ. ಹಿಂದೊಮ್ಮೆ ಬೇರೊಂದು ಮದ್ದನ್ನ ಧೈರ್ಯವಾಗಿ ಕೊಡಮ್ಮ ಅಂತ ಒಬ್ಬ ತಾಯಿಗೆ ಹೇಳಿದ್ದೆ. ಮಗು ಮೂರು ದಿನ ಕಣ್ಣು ಬಿಡಲಿಲ್ಲ. ಬದುಕ್ತು, ನನ್ನ ಪುಣ್ಯ.”

ನನಗೆ ನಾಚಿಕೆಯಾಯಿತು. ಓರೆ ಅಕ್ಷರದ ನಿಯಮವನ್ನು ಅಳಿಸಿ, ‘ಶಂಕೆ’ ಬಂದಲ್ಲೆಲ್ಲ ಎಚ್ಚರಿಕೆ ಮಾತಿನಲ್ಲೇ ಬರಲಿ ಎಂದು ಹೊಸ ನಿಯಮ ಬರೆದೆ. ಟೀಚರ ಬರಹದ ಒಂದಕ್ಷರವನ್ನೂ ಮುಟ್ಟಲಿಲ್ಲ. ಬದಲಾದದ್ದು ನನ್ನ ಒಂದೇ ಸಾಲು, ಅದರ ಹಿಂದೆಯೇ ಇಡೀ ಪುಸ್ತಕವೂ ಬದಲಾಯಿತು. ಮತ್ತೆ ಓದಿಸಿದೆ.

“ಈ ಬೇರಿನ ಕಷಾಯವನ್ನು ಮಕ್ಕಳಿಗೂ ಕೊಡಬಹುದು.”

ಟೀಚರ ಬೆರಳು ಮೇಲೆದ್ದಿತು. ಅಷ್ಟರಲ್ಲಿ ಯಂತ್ರವೇ ಹೇಳಿತು: “ಇದು ನನಗೆ ಖಚಿತವಿಲ್ಲ. ವೈದ್ಯರನ್ನು ಕೇಳದೆ ಕೊಡಬೇಡಿ.”

ಎತ್ತಿದ ಬೆರಳನ್ನು ಅವರು ಹಾಗೆಯೇ ಮಡಚಿ, ಕೈಯನ್ನು ಮಡಿಲಲ್ಲಿಟ್ಟುಕೊಂಡರು.