ಹೆಂಡತಿಯ ಹೆಸರಿನಲ್ಲಿ

“ಬಿಡುವಿದ್ದರೆ ಬಾ” ಅಂದುಬಿಟ್ಟ. ‘ಬಾ’ ಎಂದಷ್ಟೇ ಹೇಳಬೇಕೆಂದು ಏಳುವಾಗಲೇ ನಿರ್ಧರಿಸಿದ್ದ. ಹಲ್ಲುಜ್ಜುತ್ತ ಕನ್ನಡಿಗೂ ಒಮ್ಮೆ ಹೇಳಿ ನೋಡಿದ್ದ. ಹೆಂಡತಿಯ ಎದುರು ನಿಂತಾಗ ಹಾಳು ನಾಲಿಗೆ ತಾನಾಗಿಯೇ ಒಂದು ‘ಬಿಡುವಿದ್ದರೆ’ಯನ್ನು ಸೇರಿಸಿಕೊಂಡಿತು.

ಅವಳು ಬಟ್ಟೆ ಮಡಚುತ್ತಿದ್ದಳು. ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು.

“ಎಲ್ಲಿಗೆ?”

“ಕ್ಲಬ್ಬಿಗೆ. ಸಂಜೆ ಅವರ ಪ್ರತಿಷ್ಠಾನದ ಕಾರ್ಯಕ್ರಮ ಇದೆ. ನಿನ್ನ ಹೆಸರಲ್ಲಿ ದೇಣಿಗೆ ಕೊಟ್ಟಿದೀನಿ.”

“ನನ್ನ ಹೆಸರಲ್ಲಾ? ಯಾಕೆ?”

“ಸುಮ್ನೆ. ಶಾಲೆ ಟೀಚರುಗಳಿಗೆ ತರಬೇತಿ ಕೊಡೋ ಯೋಜನೆ ಅದು. ನಿನಗೆ ಇಷ್ಟ ಆಗಬಹುದು ಅಂತ...”

ಅವಳು ಕೈಯಲ್ಲಿದ್ದ ಸ್ವೆಟರನ್ನು ಸೂಟ್‌ಕೇಸಿನ ಮೂಲೆಗೆ ಒತ್ತಿ ತುಂಬಿದಳು. “ನಾನೂ ಟೀಚರಾಗಿದ್ದೆ, ನೆನಪಿದೆಯಲ್ಲ ನಿಮಗೆ. ಸದ್ಯ,” ಅಂದಳು.

ನೆನಪಿಲ್ಲದೆ ಏನು? ಅವನಿಗೆ ಈ ಊರಿನ ಕಾಲೇಜಿನಲ್ಲಿ ತರ್ಕಶಾಸ್ತ್ರದ ಪ್ರೊಫೆಸರಾಗಿ ಬಡ್ತಿ ಸಿಕ್ಕಾಗ, ಅವಳು ತನ್ನ ಶಾಲೆ ಬಿಟ್ಟು ಅವನ ಹಿಂದೆ ಬಂದಿದ್ದಳು. ಈಗ ಅವಳ ಅಕ್ಕ ಇರುವ ಊರಿನ ಶಾಲೆಯವರು ಕರೆದಿದ್ದಾರೆ. ನಾಳೆ ಉತ್ತರ ಹೇಳಬೇಕು. ಹೋದರೆ ರಜೆಗೆ ಬಂದುಹೋಗುವ ಮಾತೆಲ್ಲ ಇಲ್ಲ, ಹೋದರೆ ಹೋದಂತೆಯೇ. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನಿಗೆ ಮಾತ್ರ ಒಳಗೊಳಗೇ ಭಯವಾಗಿತ್ತು. ‘ಹೋಗಬೇಡ’ ಅನ್ನಲು ಬಾಯಿ ಬಾರದೆ ಮನುಷ್ಯ ದಾನ ಮಾಡಿದ್ದ.

“ಬರ್ತೀಯಾ ಹಾಗಾದ್ರೆ?”

“ನೋಡ್ತೀನಿ.”

ಕ್ಲಬ್ಬಿನವರು ದಾನದಲ್ಲಿ ಎತ್ತಿದ ಕೈ. ಎತ್ತಿದ ಕೈಯನ್ನು ಫೋಟೋದಲ್ಲಿ ಸರಿಯಾಗಿ ಬರುವವರೆಗೆ ಇಳಿಸುತ್ತಿರಲಿಲ್ಲ, ಅಷ್ಟೆ. ಕ್ಲಬ್ಬು ಸೇರುತ್ತಿದ್ದದ್ದು ಒಂದು ಹೋಟೆಲಿನ ಮೇಲಂತಸ್ತಿನ ಸಭಾಂಗಣದಲ್ಲಿ. ಕುರ್ಚಿಗಳಿಗೆಲ್ಲ ಬಿಳಿ ಗವುಸು, ಮೇಜಿನ ಮೇಲೆ ಬಿಸ್ಕತ್ತು, ಎಸಿಯ ಚಳಿ. ಶಿಕ್ಷಣದ ಮಹತ್ವದ ಬಗ್ಗೆ ಸಿಮೆಂಟ್ ವ್ಯಾಪಾರಿಯಾದ ಅಧ್ಯಕ್ಷರು ಮಾತಾಡಿದರು. ಮಗು ರಾಷ್ಟ್ರದ ಅಡಿಪಾಯ ಅಂದರು. ಅಡಿಪಾಯದ ವಿಷಯ ಬಂದಾಗ ಅವರ ದನಿಯಲ್ಲಿ ನಿಜವಾದ ಭಕ್ತಿ ಇತ್ತು.

ಪ್ರೊಫೆಸರ್ ಮುಂದಿನ ಸಾಲಿನಲ್ಲಿ, ದಾನಿಗಳ ಜೊತೆ ಕೂತಿದ್ದ. ಬಾಗಿಲ ಕಡೆ ಎಷ್ಟು ಸಲ ತಿರುಗಿ ನೋಡಿದನೋ, ಪಕ್ಕದಲ್ಲಿದ್ದ ಕಾರ್ಯದರ್ಶಿ, ಕನ್ನಡಕದಂಗಡಿಯವರು, “ಕುತ್ತಿಗೆ ನೋವಾ ಸಾರ್?” ಅಂತ ಕೇಳಿದರು.

“ಇಲ್ಲ, ಸುಮ್ನೆ.”

ಅವಳು ಬಂದಳು. ಬಂದೇಬಿಟ್ಟಳು! ಅವನ ಎದೆ ಹುಡುಗನ ಎದೆಯ ಹಾಗೆ ಹೊಡೆದುಕೊಂಡಿತು. ಎದ್ದು ಹೋಗಿ ಕರೆತಂದು ನಾಲ್ಕು ಜನರಿಗೆ ‘ಇವಳು ನನ್ನ ಹೆಂಡತಿ’ ಅನ್ನಬಹುದಿತ್ತು. ಭಾಷಣದ ನಡುವೆ ಏಳುವುದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಅವಳೇ ಅವನ ಹಿಂದಿನ ಕುರ್ಚಿಯಲ್ಲಿ ಕೂತಾಗಿತ್ತು. ಪಕ್ಕದಲ್ಲಿದ್ದವರು ಅಧ್ಯಕ್ಷರ ಹೆಂಡತಿ.

“ಯಾರ ಕಡೆಯವರು ನೀವು?” ಅವರು ಪಿಸುಗುಟ್ಟಿದ್ದು ಅವನಿಗೂ ಕೇಳಿಸಿತು.

“ಪ್ರೊಫೆಸರ್ ಕಡೆ.”

“ಓ, ತಂಗೀನಾ? ಒಳ್ಳೇದಾಯ್ತಮ್ಮ, ನೀವಾದ್ರೂ ಬಂದ್ರಲ್ಲ. ಪಾಪ, ಒಬ್ಬರೇ ಬಂದು ಒಬ್ಬರೇ ಹೋಗ್ತಾರೆ.”

ಅವನು ಗಕ್ಕನೆ ಹಿಂತಿರುಗಿದ. ಅದೇ ಹೊತ್ತಿಗೆ ದೀಪಗಳು ಆರಿದವು.

ಪ್ರತಿಷ್ಠಾನಕ್ಕೆ ಯಾರ ಹೆಸರಲ್ಲಾದರೂ ಕೊಡಬಹುದು. ಬದುಕಿರುವವರ ಹೆಸರಲ್ಲಿ ಬೇಡ ಎಂದು ಯಾರೂ ಹೇಳಿರಲಿಲ್ಲ. ಆದರೆ ಈ ಕ್ಲಬ್ಬಿನಲ್ಲಿ ಎಲ್ಲರೂ ಕೊಟ್ಟದ್ದು ತೀರಿಕೊಂಡ ಅಪ್ಪನ ಹೆಸರಲ್ಲಿ, ಅಜ್ಜಿಯ ಹೆಸರಲ್ಲಿ. ಹಾಗಾಗಿ ದೀಪ ಆರಿಸುವುದು, ಪರದೆಯ ಮೇಲೆ ಭಾವಚಿತ್ರ ತೋರಿಸುವುದು, ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುವುದು ರೂಢಿಯಾಗಿತ್ತು. ವರ್ಷವರ್ಷವೂ ಎಲ್ಲರ ಜೊತೆ ಅವನೂ ನಿಂತಿದ್ದ. ನಿಂತು ಉತ್ತರಪತ್ರಿಕೆ, ಬಾತ್‌ರೂಮಿನ ಸೋರುವ ನಲ್ಲಿ ಇಂಥವನ್ನು ಯೋಚಿಸಿದ್ದ. ಎರಡು ವಾಕ್ಯ ಕೊಟ್ಟರೆ ಮೂರನೆಯದನ್ನು ತೆಗೆಯುವುದು ಹೇಗೆಂದು ಕಲಿಸಿ ಸಂಬಳ ಎಣಿಸುವ ಮಹಾಶಯನಿಗೆ ಇದೊಂದು ಹೊಳೆದಿರಲಿಲ್ಲ.

ಪರದೆಯ ಮೇಲೆ ಅವಳು ಮೂಡಿದಳು. ಕಾರ್ಯದರ್ಶಿ ಫೋಟೋ ಕೇಳಿದಾಗ ಇತ್ತೀಚಿನದೊಂದೂ ಮನೆಯಲ್ಲಿ ಸಿಗದೆ ಹಳೆಯದನ್ನೇ ಕೊಟ್ಟಿದ್ದ. ಕರಿಹಲಗೆಯ ಮುಂದೆ ಎಳೆ ವಯಸ್ಸಿನ ಟೀಚರು. ಪಾಠ ಹೇಳುತ್ತ ಬಾಯಿ ಅರ್ಧ ತೆರೆದಿದೆ.

“ನಮ್ಮ ಪ್ರೊಫೆಸರ್ ತಮ್ಮ ದುಃಖಾನ ಯಾವತ್ತೂ ತೋರಿಸಿಕೊಂಡವರಲ್ಲ,” ಅಧ್ಯಕ್ಷರು ಮೈಕಿಗೆ ಬಾಯಿ ಹತ್ತಿರ ತಂದು ದನಿ ತಗ್ಗಿಸಿದರು. “ನಾವೂ ಕೆದಕಲಿಲ್ಲ. ಇವತ್ತು ಆ ತಾಯಿಯ ನೆನಪಲ್ಲಿ ಟೀಚರುಗಳಿಗೆ ಬೆಳಕಾಗಿದ್ದಾರೆ. ಎಲ್ಲರೂ ಏಳಬೇಕು.”

ಎಲ್ಲರೂ ಎದ್ದರು. ಅವನೂ ಎದ್ದ. ಅಯ್ಯೋ, ಎದ್ದೇಬಿಟ್ಟ.

ಇಷ್ಟು ವರ್ಷ ಇವರಿಗೆಲ್ಲ ತಾನು ಹೆಂಡತಿ ಸತ್ತವನು! ಸುಳ್ಳೇನೂ ಹೇಳಿರಲಿಲ್ಲ. ‘ಮನೆಯವರು ಬರಲಿಲ್ವಾ?’ ಅಂದಾಗ ತಲೆ ತಗ್ಗಿಸಿ ಒಂದು ಸಣ್ಣ ನಗೆ ನಕ್ಕಿದ್ದ, ಅಷ್ಟೆ. ಅವಳಿಗೆ ಇಂಥ ಜಾಗ ಸೇರುವುದಿಲ್ಲ, ತಾನೂ ಕರೆದಿಲ್ಲ ಎಂದು ವಿವರಿಸುತ್ತ ಕೂರುವವರು ಯಾರು? ಆಮೇಲಾಮೇಲೆ ಕೇಳುವುದನ್ನೇ ಬಿಟ್ಟರು. ದೇಣಿಗೆ ಟಿಕೆಟ್ ಮಾರುವ ಕೆಲಸದಿಂದ ಅವನನ್ನು ಕೈಬಿಟ್ಟರು. ಊಟವಾದ ಮೇಲೆ ಅಧ್ಯಕ್ಷರ ಹೆಂಡತಿ ಡಬ್ಬಿ ಕಟ್ಟಿಸಿ ಕೊಡುತ್ತಿದ್ದರು. ಅವನ ಜೊತೆ ಮಾತಾಡುವಾಗ ಎಲ್ಲರ ದನಿಯೂ ಮೆತ್ತಗಾಗುತ್ತಿತ್ತು. ಇವರು ಏನೋ ತಪ್ಪು ತಿಳಿದಿದ್ದಾರೆಂದು ಒಮ್ಮೆ ಅನುಮಾನ ಬಂದಿತ್ತು. ನಿಜ ಹೇಳಬೇಕೆಂದರೆ ಆ ಮೆತ್ತನೆ ದನಿ ಅವನಿಗೆ ಹಿತವಾಗಿತ್ತು. ಮನೆಯಲ್ಲಿ ಅಂಥ ದನಿ ಕೇಳಿ ಎಷ್ಟೋ ಕಾಲವಾಗಿತ್ತು. ತಾನು ಅಂಥ ದನಿಯಲ್ಲಿ ಮಾತಾಡಿಯೂ.

‘ಇಲ್ಲೇ ಇದಾಳೆ’ ಅಂದರಾಗಿತ್ತು. ಎಲ್ಲರೂ ಹೋ ಅಂತ ನಗುತ್ತಿದ್ದರು, ಕಾರ್ಯದರ್ಶಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು, ಅವಳೂ ನಗುತ್ತಿದ್ದಳೋ ಏನೋ. ಆದರೆ ಮೌನಾಚರಣೆಯ ನಡುವೆ ಮಾತಾಡುವುದು ಸಭ್ಯತೆಯೇ? ಇದು ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡ.

ಹಿಂದೆ ಒಂದು ಕುರ್ಚಿ ಕಿರ್ರೆಂದಿತು. ಅವಳೂ ಎದ್ದು ನಿಂತಿದ್ದಳು.

ಮೌನ ಮುಗಿದು ಎಲ್ಲರೂ ಕೂತರು.

“ಒಳ್ಳೆ ಹೆಂಗಸಂತೆ,” ಅಧ್ಯಕ್ಷರ ಹೆಂಡತಿ ಮೂಗು ಒರೆಸಿಕೊಂಡರು.

“ಯಾವಾಗ ಹೋದ್ರಂತೆ?” ಇದು ಅವಳ ದನಿ.

“ಅಯ್ಯೋ, ನಿಮಗೆ ಗೊತ್ತಿಲ್ವಾ! ಈ ಊರಿಗೆ ಬಂದ ಹೊಸದರಲ್ಲೇ ಇರಬೇಕಮ್ಮ.”

“ಹೌದು,” ಅಂದಳು ಅವಳು, ಸ್ವಲ್ಪ ಯೋಚಿಸಿ. “ಆಗಲೇ ಇರಬೇಕು.”

ಅವನ ಬೆನ್ನಿಗೆ ಕುದಿನೀರು ಸುರಿದ ಹಾಗಾಯಿತು. ತಿರುಗಬೇಕು, ಈಗಲೇ ತಿರುಗಬೇಕು. ತಿರುಗಿ ಎಲ್ಲರೆದುರೇ ಅವಳ ಕೈ ಹಿಡಿದುಕೊಂಡು ಹೋಗಬೇಡ ಕಣೇ ಅನ್ನಬೇಕು. ಮೈಕು ಅವನ ಹೆಸರು ಕೂಗಿತು. ಕಾರ್ಯದರ್ಶಿ ಮೊಣಕೈ ಹಿಡಿದು, ಕಾಯಿಲೆಯವನನ್ನು ಎಬ್ಬಿಸುವಂತೆ ಜೋಪಾನವಾಗಿ ಎಬ್ಬಿಸಿದರು.

“ಧೈರ್ಯ ತಗೊಳ್ಳಿ ಸಾರ್.”

“ಅದಲ್ಲ... ಒಂದು ಸಣ್ಣ ವಿಷಯ...”

“ಎಲ್ಲಾ ಆಮೇಲೆ ಸಾರ್. ಮೊದಲು ದಾನಿಗಳ ಪದಕ.”

ಹೋದ. ಅಧ್ಯಕ್ಷರು ಪದಕವನ್ನು ಅವನ ಕೊರಳಿಗೆ ಹಾಕಿ, ಬೆನ್ನು ತಟ್ಟಿ ಪಕ್ಕಕ್ಕೆ ಸರಿದರು. ಜನ ಚಪ್ಪಾಳೆ ತಟ್ಟಿದರು. ಮೈಕು ಬಾಯಿಯೆದುರೇ ಇತ್ತು. ಅವನು ಎರಡನೇ ಸಾಲಿನತ್ತ ಕಣ್ಣು ಕಿರಿದು ಮಾಡಿದ. ಪ್ರೊಜೆಕ್ಟರಿನ ಬೆಳಕು ನೇರ ಕಣ್ಣಿಗೆ ಹೊಡೆದು ಏನೂ ಕಾಣಲಿಲ್ಲ.

“ಎಲ್ಲರಿಗೂ...” ಅಂದ. ಕೊರಳಿನ ಪದಕ ಸರಿಪಡಿಸಿಕೊಂಡ. “ಎಲ್ಲರಿಗೂ ಧನ್ಯವಾದ.”

ಕತ್ತಲೆಯ ಆ ತುದಿಯಲ್ಲಿ ಬಾಗಿಲು ತೆರೆದು ಬೆಳಕಿನ ಒಂದು ಗೀರು ಮೂಡಿತು, ಮುಚ್ಚಿಕೊಂಡಿತು. ಹೋದವರು ಯಾರೆಂದು ತಿಳಿಯಲಿಲ್ಲ. ಯಾರಾದರೂ ಆಗಿರಬಹುದು, ಬಂದವರೂ ಆಗಿರಬಹುದು.

ಇಳಿಯಲು ಕಾಲೆತ್ತಿದ.

“ಸಾರ್ ಸಾರ್, ಅಲ್ಲೇ ಇರಿ,” ಫೋಟೋಗ್ರಾಫರ್ ಕೂಗಿದ. “ಮೇಡಂ ಕರೆಕ್ಟಾಗಿ ನಿಮ್ಮ ಮೇಲೆ ಬರ್ತಿದಾರೆ. ಒಂಚೂರು ಎಡಕ್ಕೆ.”

ತಲೆ ಬಗ್ಗಿಸಿ ನೋಡಿಕೊಂಡ. ಬಿಳಿ ಶರ್ಟಿನ ತುಂಬ ಪ್ರೊಜೆಕ್ಟರಿನಿಂದ ಬಿದ್ದ ಅವಳ ಮುಖ, ಅರ್ಧ ತೆರೆದ ಬಾಯಿ. ಅವನು ಉಸಿರೆಳೆದಾಗ ತುಟಿ ಏನೋ ಹೇಳಹೊರಟಂತೆ ಅಲುಗಿತು. ಚಿತ್ರ ಕೆಡಬಾರದೆಂದು ಅವನು ಉಸಿರು ಬಿಗಿಹಿಡಿದು, ಒಂಚೂರು ಎಡಕ್ಕೆ ಸರಿದು ನಿಂತ.